ಗಡಿಯಾರದಿಂದ ಜಾಗ ಅಳೆದ ಬಡಗಿ

ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೈಸ್ಕೂಲಿನ ಭೂಗೋಳ ಪಾಠದಲ್ಲಿ ನಾವೆಲ್ಲ ಓದಿ, ಪರೀಕ್ಷೆಯಲ್ಲಿ ಬರೆದು, ಆಮೇಲೆ ಮರೆತುಬಿಟ್ಟ ಸಾಲು ಇದು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಂಬ ಬಡಗಿ ಈ ಒಂದು ಸಾಲಿಗಾಗಿ ತಮ್ಮ ಬದುಕಿನ ನಲವತ್ತಕ್ಕೂ ಹೆಚ್ಚು ವರ್ಷಗಳನ್ನು ಕೊಟ್ಟರು. ಇಂದು ಮೊಬೈಲಿನ ಮ್ಯಾಪ್ ತೆರೆದರೆ ನಾವು ನಿಂತ ಜಾಗದಲ್ಲಿ ಒಂದು ನೀಲಿ ಚುಕ್ಕೆ ಕಾಣಿಸುತ್ತದೆ. ಆ ಚುಕ್ಕೆಯನ್ನು ಅಲ್ಲಿ ಇಡುವುದು ಉಪಗ್ರಹಗಳ ಒಳಗಿರುವ ಪರಮಾಣು ಗಡಿಯಾರಗಳು. ಗಡಿಯಾರ ನೋಡಿ ಜಾಗ ಹೇಳಬಹುದು ಎಂಬುದನ್ನು ಮೊದಲು ಸಮುದ್ರದ ಮೇಲೆ ಸಾಧಿಸಿ ತೋರಿಸಿದವರು ಹ್ಯಾರಿಸನ್. ಆದ್ದರಿಂದ ಆಕಾಶದ ಗಡಿಯಾರಗಳ ಬಗ್ಗೆ ಬರೆಯಲು ಹೊರಟ ನಾನು ಅವರ ಜೀವನವನ್ನೇ ಬರೆಯುತ್ತಿದ್ದೇನೆ.

ನಾನು ಓದುತ್ತಿರುವುದು ಕಾಮರ್ಸ್. ಇದು ವಿಜ್ಞಾನ ವಿಭಾಗದ ಗೆಳೆಯರು ಬರೆಯಬೇಕಾದ ವಿಷಯ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಕಥೆಯಲ್ಲಿ ಒಂದು ಕರಾರು ಇದೆ, ಒಂದು ಸಾಲ ಇದೆ, ಬಹಳ ವರ್ಷ ತೀರದೆ ಉಳಿದ ಒಂದು ಬಾಕಿ ಇದೆ. ಹಾಗಾಗಿ ನಮಗೂ ಇದರಲ್ಲಿ ಪಾಲಿದೆ.

ಮೊದಲು ಸಮಸ್ಯೆ ಏನೆಂದು ಹೇಳುತ್ತೇನೆ. ಸಮುದ್ರದ ಮಧ್ಯದಲ್ಲಿರುವ ಹಡಗಿಗೆ ತನ್ನ ಅಕ್ಷಾಂಶ ತಿಳಿಯುವುದು ಕಷ್ಟವಲ್ಲ. ಮಧ್ಯಾಹ್ನದ ಸೂರ್ಯನ ಎತ್ತರವನ್ನೋ ರಾತ್ರಿ ಧ್ರುವ ನಕ್ಷತ್ರದ ಎತ್ತರವನ್ನೋ ಅಳೆದರೆ ಸಾಕು. ರೇಖಾಂಶ ಹಾಗಲ್ಲ. ಭೂಮಿ ತಿರುಗುತ್ತಲೇ ಇರುವುದರಿಂದ ಆಕಾಶ ನೋಡಿ ಪೂರ್ವ ಪಶ್ಚಿಮ ಹೇಳಲು ಆಗುವುದಿಲ್ಲ. ಆದರೆ ಹೊರಟ ಊರಿನ ಸಮಯ ಹಡಗಿನಲ್ಲಿ ಗೊತ್ತಿದ್ದರೆ ಲೆಕ್ಕ ಸುಲಭ. ಹಡಗಿನಲ್ಲಿ ಸೂರ್ಯ ನೆತ್ತಿಗೆ ಬಂದಾಗ ಊರಿನ ಗಡಿಯಾರ ಎರಡು ಗಂಟೆ ತೋರಿಸಿದರೆ ಹಡಗು 30 ಡಿಗ್ರಿ ಪಶ್ಚಿಮದಲ್ಲಿದೆ ಎಂದರ್ಥ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಸಮಭಾಜಕದ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್.

ನಮ್ಮ ದಾದಾ ಕಟ್ಟಿಕೊಳ್ಳುವ ಕೀಲಿ ಕೊಡುವ ಹಳೆಯ ಕೈಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಅವರಿಗೆ ಅದರಿಂದ ಏನೂ ತೊಂದರೆಯಿಲ್ಲ, ಅಜಾನ್ ಕೇಳಿ ಸರಿ ಮಾಡಿಕೊಳ್ಳುತ್ತಾರೆ. ಆ ಗಡಿಯಾರವನ್ನು ನಂಬಿ ಆರು ವಾರ ಹಡಗಿನಲ್ಲಿ ಹೋದರೆ ಏನಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. 42 ದಿನಕ್ಕೆ 84 ನಿಮಿಷ, ಅಂದರೆ 21 ಡಿಗ್ರಿ. ಸಮಭಾಜಕದ ಮೇಲೆ 2,300 ಕಿಲೋಮೀಟರಿಗೂ ಹೆಚ್ಚು ತಪ್ಪು!

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಒಳ್ಳೆಯ ಗಡಿಯಾರಗಳ ಸ್ಥಿತಿಯೂ ಸಮುದ್ರದ ಮೇಲೆ ಹೆಚ್ಚುಕಡಿಮೆ ಹೀಗೆಯೇ ಇತ್ತು. ಲೋಲಕದ ಗಡಿಯಾರ ನೆಲದ ಮೇಲೆ ಚೆನ್ನಾಗಿ ನಡೆಯುತ್ತಿತ್ತು, ಹಡಗು ಓಲಾಡಿದರೆ ಕೆಡುತ್ತಿತ್ತು. ಸೆಕೆಗೆ ಲೋಹ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ. 1707ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನೌಕಾಪಡೆಯ ನಾಲ್ಕು ಹಡಗುಗಳು ತಾವಿರುವ ಜಾಗವನ್ನು ತಪ್ಪಾಗಿ ಲೆಕ್ಕ ಹಾಕಿ ಸಿಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆ ಮಾಡಿತು. ಇಂಗ್ಲೆಂಡಿನಿಂದ ವೆಸ್ಟ್ ಇಂಡೀಸಿಗೆ ಹೋಗುವ ಪ್ರಯಾಣದಲ್ಲಿ ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳುವ ವಿಧಾನಕ್ಕೆ 20,000 ಪೌಂಡ್ ಬಹುಮಾನ. ಅರ್ಧ ಡಿಗ್ರಿ ಅಂದರೆ ಎರಡು ನಿಮಿಷ. ಆರು ವಾರಕ್ಕೆ ಹಂಚಿದರೆ ದಿನಕ್ಕೆ ಮೂರು ಸೆಕೆಂಡಿಗಿಂತ ಕಡಿಮೆ. ನ್ಯೂಟನ್ ಅವರಿಗೇ ಅಂಥ ಗಡಿಯಾರ ಆಗುತ್ತದೆ ಎಂಬ ನಂಬಿಕೆ ಇರಲಿಲ್ಲ. ಚಂದ್ರ ಮತ್ತು ನಕ್ಷತ್ರಗಳ ಮೂಲಕವೇ ಉತ್ತರ ಸಿಗಬೇಕು ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯವಾಗಿತ್ತು.

ಹ್ಯಾರಿಸನ್ ಹುಟ್ಟಿದ್ದು 1693ರ ಮಾರ್ಚ್ 24ರಂದು, ಯಾರ್ಕ್‌ಷೈರಿನ ಫೌಲ್ಬಿ ಎಂಬ ಹಳ್ಳಿಯಲ್ಲಿ. ತಂದೆ ಬಡಗಿ. ಮಗ ಚಿಕ್ಕವನಿದ್ದಾಗಲೇ ಕುಟುಂಬ ಲಿಂಕನ್‌ಷೈರಿನ ಬ್ಯಾರೋ ಎಂಬ ಊರಿಗೆ ಬಂದು ನೆಲೆಸಿತು. ಜಾನ್ ಯಾವ ಗಡಿಯಾರದವರ ಹತ್ತಿರವೂ ಶಿಷ್ಯನಾಗಿ ಕೆಲಸ ಕಲಿಯಲಿಲ್ಲ. ಮರಗೆಲಸ ಗೊತ್ತಿತ್ತು, ಆದ್ದರಿಂದ ಮರದಲ್ಲೇ ಗಡಿಯಾರ ಮಾಡಿದರು. 1713ರಲ್ಲಿ, ಇಪ್ಪತ್ತು ವರ್ಷದ ಹುಡುಗನಾಗಿ ಮಾಡಿದ ಮೊದಲ ಗಡಿಯಾರದ ಚಕ್ರಗಳೂ ಮರದವೇ.

ಮರವೇ ಅವರ ಶಕ್ತಿಯಾಯಿತು ಎಂದು ನನಗೆ ಅನಿಸುತ್ತದೆ. ಬ್ರಾಕಲ್ಸ್‌ಬಿ ಎಂಬಲ್ಲಿನ ಜಮೀನುದಾರರ ಕುದುರೆಲಾಯದ ಗೋಪುರಕ್ಕೆ ಅವರು 1722ರ ಸುಮಾರಿಗೆ ಗಡಿಯಾರ ಮಾಡಿಕೊಟ್ಟರು. ಅದರ ಉಜ್ಜುವ ಭಾಗಗಳಿಗೆ ತನ್ನಷ್ಟಕ್ಕೆ ಜಿಡ್ಡು ಬಿಡುವ ಲಿಗ್ನಮ್ ವೀಟೆ ಎಂಬ ಗಟ್ಟಿ ಮರ ಹಾಕಿದರು. ಎಣ್ಣೆಯೇ ಬೇಡ ಅಂದಮೇಲೆ ಎಣ್ಣೆ ಗಟ್ಟಿಯಾಗುವ ತೊಂದರೆಯೂ ಇಲ್ಲ. ಮುನ್ನೂರು ವರ್ಷ ಕಳೆದರೂ ಆ ಗಡಿಯಾರ ಅಲ್ಲೇ ಇದೆ. ತಮ್ಮ ಜೇಮ್ಸ್ ಜೊತೆ ಸೇರಿ ಹಿತ್ತಾಳೆ ಮತ್ತು ಉಕ್ಕಿನ ಸಲಾಕೆಗಳನ್ನು ಪಕ್ಕಪಕ್ಕ ಜೋಡಿಸಿ ಒಂದು ಲೋಲಕ ಮಾಡಿದರು. ಸೆಕೆಗೆ ಒಂದು ಲೋಹ ಕೆಳಕ್ಕೆ ಹಿಗ್ಗಿದಷ್ಟನ್ನು ಇನ್ನೊಂದು ಮೇಲಕ್ಕೆ ಹಿಗ್ಗಿ ಸರಿದೂಗಿಸುತ್ತದೆ, ಲೋಲಕದ ಉದ್ದ ಬದಲಾಗುವುದಿಲ್ಲ. ಅಣ್ಣತಮ್ಮಂದಿರ ಈ ಗಡಿಯಾರಗಳು ತಿಂಗಳಿಗೆ ಒಂದು ಸೆಕೆಂಡ್ ಮಾತ್ರ ತಪ್ಪುತ್ತಿದ್ದವು. ಮನೆಯ ಕಿಟಕಿಯಿಂದ ನಕ್ಷತ್ರಗಳು ಪಕ್ಕದ ಮನೆಯ ಚಿಮಣಿಯ ಹಿಂದೆ ಮರೆಯಾಗುವ ಹೊತ್ತನ್ನು ನೋಡಿ ಅವರು ಇದನ್ನು ತಾಳೆ ನೋಡುತ್ತಿದ್ದರು.

1730ರ ಸುಮಾರಿಗೆ ಹ್ಯಾರಿಸನ್ ಸಮುದ್ರದ ಗಡಿಯಾರದ ನಕ್ಷೆಗಳನ್ನು ಹಿಡಿದು ಲಂಡನ್ನಿಗೆ ಬಂದರು. ಅಲ್ಲಿನ ರಾಜ ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿ, ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಹ್ಯಾಲಿ, ಇವರನ್ನು ಜಾರ್ಜ್ ಗ್ರಹಾಂ ಎಂಬ ಪ್ರಸಿದ್ಧ ಗಡಿಯಾರ ತಯಾರಕರ ಬಳಿ ಕಳಿಸಿದರು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಮಾತು ರಾತ್ರಿ ಎಂಟರವರೆಗೆ ನಡೆಯಿತು. ಕೊನೆಗೆ ಗ್ರಹಾಂ ತಮ್ಮ ಕೈಯಿಂದ ಸಾಲ ಕೊಟ್ಟರು. ಬಡ್ಡಿ ಇಲ್ಲ, ಬೇಗ ತೀರಿಸಬೇಕೆಂಬ ಒತ್ತಾಯವೂ ಇಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಕರ್ಜ್-ಎ-ಹಸನ ಎನ್ನುತ್ತಾರೆ. ಒಂದೇ ಕಸುಬಿನಲ್ಲಿ ನಾಳೆ ತನಗೇ ಎದುರಾಳಿಯಾಗಬಹುದಾದ ಹಳ್ಳಿಯವನಿಗೆ ಹಾಗೆ ಹಣ ಕೊಟ್ಟ ಗ್ರಹಾಂ ಅವರೂ ಈ ಕಥೆಯ ಇನ್ನೊಬ್ಬ ದೊಡ್ಡ ಮನುಷ್ಯ.

ಐದು ವರ್ಷದ ನಂತರ ಮೊದಲ ಸಮುದ್ರ ಗಡಿಯಾರ ಸಿದ್ಧವಾಯಿತು. ಈಗ ಅದನ್ನು ಎಚ್-1 ಎನ್ನುತ್ತಾರೆ. ತೂಕ ಸುಮಾರು 34 ಕಿಲೋ. ಲೋಲಕದ ಬದಲು ಸ್ಪ್ರಿಂಗ್‌ಗಳಿಂದ ಜೋಡಿಸಿದ ಎರಡು ತೂಗುಸರಳುಗಳು. 1736ರಲ್ಲಿ ಅದನ್ನು ಲಿಸ್ಬನ್ನಿಗೆ ಕೊಂಡೊಯ್ದರು. ಹಡಗಿನಲ್ಲಿ ಹ್ಯಾರಿಸನ್ ಅವರಿಗೆ ಹೊಟ್ಟೆ ತೊಳಸಿ ಸಾಕಾಯಿತಂತೆ, ಗಡಿಯಾರ ಮಾತ್ರ ಚೆನ್ನಾಗಿತ್ತು. ಹಿಂತಿರುಗುವಾಗ ಇಂಗ್ಲೆಂಡಿನ ದಡ ಕಂಡಾಗ ಹಡಗಿನವರು ಅದು ಸ್ಟಾರ್ಟ್ ಎಂಬ ಭೂಶಿರ ಅಂದುಕೊಂಡರು. ಹ್ಯಾರಿಸನ್ ಅದು ಲಿಜರ್ಡ್ ಎಂದರು. ಲಿಜರ್ಡೇ ಆಗಿತ್ತು. ಹಡಗಿನ ಲೆಕ್ಕ ಸುಮಾರು 60 ಮೈಲಿ ತಪ್ಪಿತ್ತು.

1714ರ ಕಾಯ್ದೆಯಂತೆ ರಚನೆಯಾದ ರೇಖಾಂಶ ಮಂಡಳಿ ಇಪ್ಪತ್ತಮೂರು ವರ್ಷ ಒಮ್ಮೆಯೂ ಸಭೆ ಸೇರಿರಲಿಲ್ಲ. 1737ರಲ್ಲಿ ಈ ಗಡಿಯಾರ ನೋಡಲೆಂದೇ ಸೇರಿತು. ಬೇರೆಯವರಾಗಿದ್ದರೆ ವೆಸ್ಟ್ ಇಂಡೀಸಿನ ಪರೀಕ್ಷೆ ಕೇಳುತ್ತಿದ್ದರು. ಹ್ಯಾರಿಸನ್ ತಮ್ಮ ಗಡಿಯಾರದ ದೋಷಗಳನ್ನು ತಾವೇ ಹೇಳಿ, ಇದಕ್ಕಿಂತ ಉತ್ತಮವಾದದ್ದನ್ನು ಮಾಡಲು 500 ಪೌಂಡ್ ಕೇಳಿದರು! ಪ್ರಾಮಾಣಿಕತೆ ಎನ್ನಬೇಕೋ ವ್ಯಾಪಾರ ತಿಳಿಯದ ಸ್ವಭಾವ ಎನ್ನಬೇಕೋ ನನಗೆ ಗೊತ್ತಾಗುತ್ತಿಲ್ಲ. ಎಚ್-2 ಮುಗಿಯಿತು. ಹಡಗು ಪಕ್ಕಕ್ಕೆ ತಿರುಗಿದಾಗ ಅದರಲ್ಲಿ ಒಂದು ದೋಷ ಬರುತ್ತದೆ ಎಂದು ತಾವೇ ಕಂಡುಹಿಡಿದು ಅದನ್ನು ಸಮುದ್ರಕ್ಕೆ ಇಳಿಸಲೇ ಇಲ್ಲ. ಎಚ್-3 ಹತ್ತೊಂಬತ್ತು ವರ್ಷ ತೆಗೆದುಕೊಂಡಿತು. ಬಿಡಿಭಾಗಗಳು 753. ಎರಡು ಲೋಹಗಳನ್ನು ಬೆಸೆದ ಪಟ್ಟಿ ಅದರಲ್ಲಿ ಹುಟ್ಟಿತು. ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ ತಾನೇ ಆಫ್ ಆಗುವುದು ಅಂಥ ಪಟ್ಟಿಯಿಂದಲೇ. ಆದರೂ ಎಚ್-3 ಅವರಿಗೆ ಬೇಕಾದಷ್ಟು ನಿಖರವಾಗಲಿಲ್ಲ. ಬದುಕಿನ ಹತ್ತೊಂಬತ್ತು ವರ್ಷ ಅಂದರೆ ನಾನು ಹುಟ್ಟಿ ಇಲ್ಲಿಯವರೆಗೆ ಬಂದದ್ದಕ್ಕಿಂತ ಹೆಚ್ಚು.

ಉತ್ತರ ಬಂದದ್ದು ಬೇರೆ ದಿಕ್ಕಿನಿಂದ. 1753ರಲ್ಲಿ ತಮ್ಮ ಸ್ವಂತ ಬಳಕೆಗೆಂದು ಅವರು ಜಾನ್ ಜೆಫ್ರೀಸ್ ಎಂಬುವರಿಂದ ಒಂದು ಜೇಬುಗಡಿಯಾರ ಮಾಡಿಸಿಕೊಂಡರು, ತಮ್ಮದೇ ವಿನ್ಯಾಸ ಕೊಟ್ಟು. ಅದು ನಿರೀಕ್ಷೆಗಿಂತ ಚೆನ್ನಾಗಿ ನಡೆಯಿತು. ದೊಡ್ಡದಾಗಿ ನಿಧಾನ ತೂಗುವುದಕ್ಕಿಂತ ಚಿಕ್ಕದಾಗಿ ವೇಗವಾಗಿ ಬಡಿದುಕೊಳ್ಳುವ ಚಕ್ರವನ್ನು ಹಡಗಿನ ಓಲಾಟ ಅಷ್ಟು ಸುಲಭವಾಗಿ ಕೆಡಿಸಲಾರದು ಎಂದು ಅವರಿಗೆ ಹೊಳೆಯಿತು. 1759ರಲ್ಲಿ ಎಚ್-4 ಸಿದ್ಧವಾಯಿತು. ಅಗಲ 13 ಸೆಂಟಿಮೀಟರ್, ತೂಕ ಸುಮಾರು ಒಂದೂವರೆ ಕಿಲೋ, ಸೆಕೆಂಡಿಗೆ ಐದು ಬಡಿತ. ಮೂವತ್ತು ವರ್ಷದ ಭಾರವಾದ ಯಂತ್ರಗಳ ನಂತರ ಅಂಗೈಯಲ್ಲಿ ಹಿಡಿಯುವ ಒಂದು ಗಡಿಯಾರ.

1761ರ ನವೆಂಬರಿನಲ್ಲಿ ಮಗ ವಿಲಿಯಂ ಅದನ್ನು ಹಿಡಿದು ಜಮೈಕಾಕ್ಕೆ ಹೊರಟರು. ತಂದೆಗೆ ಆಗ 68 ವರ್ಷ. ಗಡಿಯಾರದ ಪೆಟ್ಟಿಗೆಗೆ ನಾಲ್ಕು ಬೀಗ, ನಾಲ್ಕು ಕೀಲಿ ನಾಲ್ವರ ಬಳಿ. ದಾರಿಯಲ್ಲಿ ಹಡಗಿನ ಕುಡಿಯುವ ದಾಸ್ತಾನು ಕೆಟ್ಟು ನಾವಿಕರು ಮಡೀರಾ ದ್ವೀಪಕ್ಕಾಗಿ ಕಾಯುತ್ತಿದ್ದರು. ಹಡಗಿನವರ ಲೆಕ್ಕ ಒಂದು ಹೇಳಿತು, ಗಡಿಯಾರ ಬೇರೆ ಹೇಳಿತು. ಇದೇ ದಿಕ್ಕಿನಲ್ಲಿ ಹೋದರೆ ಮರುದಿನ ದ್ವೀಪ ಕಾಣುತ್ತದೆ ಎಂದು ವಿಲಿಯಂ ಹೇಳಿದರು. ಮರುದಿನ ಬೆಳಿಗ್ಗೆ ದ್ವೀಪ ಕಂಡಿತು. 81 ದಿನಗಳ ನಂತರ ಜಮೈಕಾದಲ್ಲಿ ಲೆಕ್ಕ ನೋಡಿದಾಗ ಗಡಿಯಾರ ತಪ್ಪಿದ್ದು ಸುಮಾರು ಐದು ಸೆಕೆಂಡ್ ಮಾತ್ರ. ಬಿರುಗಾಳಿಯಲ್ಲಿ ಕಂಬಳಿ ಸುತ್ತಿ ಕಾಪಾಡಿ ಇಂಗ್ಲೆಂಡಿಗೆ ವಾಪಸು ತಂದಾಗಲೂ ಒಟ್ಟು ತಪ್ಪು ಎರಡು ನಿಮಿಷ ದಾಟಿರಲಿಲ್ಲ.

ಬಹುಮಾನ ಸಿಗಬೇಕಿತ್ತಲ್ಲವೇ? ಮಂಡಳಿ ಒಪ್ಪಲಿಲ್ಲ. ಅದೃಷ್ಟದಿಂದ ಹಾಗಾಗಿರಬಹುದು ಎಂದರು. ಗಡಿಯಾರ ದಿನಕ್ಕೆ ಎಷ್ಟು ಸೆಕೆಂಡ್ ತಪ್ಪುತ್ತದೆ ಎಂದು ಹೊರಡುವ ಮೊದಲೇ ಬರೆದುಕೊಟ್ಟಿರಲಿಲ್ಲ ಎಂದರು. ಈ ಎರಡನೆಯ ಆಕ್ಷೇಪದಲ್ಲಿ ನ್ಯಾಯವಿದೆ, ಲೆಕ್ಕ ಪರಿಶೋಧಕರೂ ಹೀಗೆಯೇ ಕೇಳುತ್ತಾರೆ. ಮೂರನೆಯ ಆಕ್ಷೇಪ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆ. ಜಮೈಕಾದ ರೇಖಾಂಶವೇ ನಿಖರವಾಗಿ ಗೊತ್ತಿಲ್ಲ ಎಂದರು ಅವರು! ಗಡಿಯಾರ ಸರಿಯೋ ತಪ್ಪೋ ಎಂದು ನೋಡಲು ಜಮೈಕಾ ಎಲ್ಲಿದೆ ಎಂದು ಗೊತ್ತಿರಬೇಕು. ನಕ್ಷೆ ಗಡಿಯಾರದಷ್ಟು ನಿಖರವಾಗಿರಲಿಲ್ಲ. ಪರೀಕ್ಷೆಗೆ ನಿಂತದ್ದು ಗಡಿಯಾರ, ಉತ್ತರ ಗೊತ್ತಿಲ್ಲದೆ ನಿಂತದ್ದು ಭೂಗೋಳ.

1764ರಲ್ಲಿ ಬಾರ್ಬಡೋಸಿಗೆ ಎರಡನೆಯ ಪರೀಕ್ಷೆ. ಈ ಸಲ ದ್ವೀಪದ ರೇಖಾಂಶವನ್ನು ಮೊದಲು ಗುರುಗ್ರಹದ ಉಪಗ್ರಹಗಳನ್ನು ನೋಡಿ ನಿಗದಿ ಮಾಡಿದರು. ಆ ಕೆಲಸಕ್ಕೆ ಹೋದವರಲ್ಲಿ ನೆವಿಲ್ ಮ್ಯಾಸ್ಕೆಲೈನ್ ಎಂಬುವರೂ ಇದ್ದರು. ಅವರು ಚಂದ್ರನ ಸ್ಥಾನದಿಂದ ರೇಖಾಂಶ ಹೇಳುವ ವಿಧಾನದ ಪರ. ಅಂದರೆ ಎದುರು ಪಕ್ಷದವರೇ ತೀರ್ಪುಗಾರರ ಸಾಲಿನಲ್ಲಿ. ಆದರೂ ಗಡಿಯಾರ 47 ದಿನಗಳಲ್ಲಿ 39 ಸೆಕೆಂಡ್ ಮಾತ್ರ ತಪ್ಪಿತು. ಕಾಯ್ದೆ ಕೇಳಿದ್ದಕ್ಕಿಂತ ಮೂರು ಪಟ್ಟು ಉತ್ತಮ.

ಆಗ ಕರಾರನ್ನೇ ಬದಲಾಯಿಸಿದರು. 1765ರ ಹೊಸ ಕಾಯ್ದೆಯ ಪ್ರಕಾರ ಗಡಿಯಾರದ ಗುಟ್ಟೆಲ್ಲ ಬಿಚ್ಚಿ ತೋರಿಸಿದರೆ ಅರ್ಧ ಹಣ, ಬೇರೆಯವರೂ ಅಂಥದ್ದನ್ನು ಮಾಡಬಹುದು ಎಂದು ಸಾಬೀತಾದರೆ ಉಳಿದ ಅರ್ಧ. ಒಂದೇ ಒಂದು ಗಡಿಯಾರದಿಂದ ಇಡೀ ನೌಕಾಪಡೆಗೆ ಪ್ರಯೋಜನವಿಲ್ಲ ಎಂಬ ಅವರ ಮಾತು ಸುಳ್ಳಲ್ಲ. ಆದರೆ ಒಬ್ಬ ಮನುಷ್ಯ ಮೂವತ್ತೈದು ವರ್ಷ ದುಡಿದ ಮೇಲೆ ಷರತ್ತು ಸೇರಿಸುವುದು ಕರಾರಿನ ಯಾವ ಪಾಠದಲ್ಲೂ ಇಲ್ಲ. ಹ್ಯಾರಿಸನ್ ತಮ್ಮ ಮನೆಯಲ್ಲಿ ಸಮಿತಿಯ ಎದುರು ಗಡಿಯಾರದ ಒಂದೊಂದು ಭಾಗವನ್ನೂ ಬಿಚ್ಚಿ ವಿವರಿಸಿದರು. ಅರ್ಧ ಹಣ ಬಂತು. ಆ ವರ್ಷವೇ ಮ್ಯಾಸ್ಕೆಲೈನ್ ರಾಜ ಖಗೋಳಶಾಸ್ತ್ರಜ್ಞರಾದರು. 1766ರಲ್ಲಿ ಅವರು ಬಂದು ಹಳೆಯ ಮೂರು ಯಂತ್ರಗಳನ್ನೂ ಮನೆಯಿಂದ ಸಾಗಿಸಿದರು. ಸಾಗಿಸುವಾಗ ಎಚ್-1 ಕೈಜಾರಿ ಬಿತ್ತು. ಎಚ್-4 ಅನ್ನು ಹತ್ತು ತಿಂಗಳು ಗ್ರೀನಿಚ್‌ನಲ್ಲಿ ಪರೀಕ್ಷಿಸಿ, ನಂಬಲು ಯೋಗ್ಯವಲ್ಲ ಎಂದು ವರದಿ ಕೊಟ್ಟರು. ಮ್ಯಾಸ್ಕೆಲೈನ್ ಅವರನ್ನು ಖಳನಾಯಕ ಮಾಡುವುದು ಸುಲಭ. ಆದರೆ ಅವರು 1767ರಿಂದ ಪ್ರಕಟಿಸಿದ ಪಂಚಾಂಗದಂಥ ಪುಸ್ತಕ ಗಡಿಯಾರ ಕೊಳ್ಳಲಾಗದ ಸಾವಿರಾರು ನಾವಿಕರಿಗೆ ದಾರಿ ತೋರಿಸಿತು. ಅದನ್ನೂ ಹೇಳಬೇಕು.

ಹ್ಯಾರಿಸನ್ ಅವರಿಗೆ ಇನ್ನೊಂದು ತೊಂದರೆ ಇತ್ತು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಅಕ್ಷರ ಬರುತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. 1775ರಲ್ಲಿ ಅವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಒಂದು ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ಓದುವವರಿಗೆ ತಿಳಿಯುವುದೇ ಕಷ್ಟ. ಕೈಗೆ ಗೊತ್ತಿರುವುದನ್ನು ವಿದ್ವಾಂಸರ ಭಾಷೆಯಲ್ಲಿ ಹೇಳಲಾಗದೆ ಅವರು ಸಭೆಗಳಲ್ಲಿ ಸಿಟ್ಟಾಗುತ್ತಿದ್ದರು, ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಉರ್ದು ಮಾತಾಡಿ ಕ್ಲಾಸಿನಲ್ಲಿ ಕನ್ನಡ ಪ್ರಬಂಧ ಬರೆಯುವ ನಮ್ಮಂಥವರಿಗೆ ಆ ಸಿಟ್ಟು ಸ್ವಲ್ಪ ಅರ್ಥವಾಗುತ್ತದೆ. ತಲೆಯಲ್ಲಿ ಪೂರ್ತಿ ಇರುತ್ತದೆ, ಕಾಗದದ ಮೇಲೆ ಅರ್ಧ ಬರುತ್ತದೆ.

ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಕಣ್ಣು ಮಂಜಾಗುತ್ತಿದ್ದಾಗ, ಅವರು ಎಚ್-5 ಮಾಡಿದರು. ಮಗ ವಿಲಿಯಂ ನೇರವಾಗಿ ದೊರೆ ಮೂರನೆಯ ಜಾರ್ಜ್ ಅವರ ಬಳಿಗೆ ಹೋದರು. 1772ರಲ್ಲಿ ದೊರೆ ತಮ್ಮದೇ ವೀಕ್ಷಣಾಲಯದಲ್ಲಿ ಆ ಗಡಿಯಾರವನ್ನು ಹತ್ತು ವಾರ ಪರೀಕ್ಷಿಸಿದರು. ಮೊದಲ ಕೆಲವು ದಿನ ಅದು ಹುಚ್ಚುಹುಚ್ಚಾಗಿ ನಡೆಯಿತು. ಪಕ್ಕದ ಬೀರುವಿನಲ್ಲಿ ಅಯಸ್ಕಾಂತದ ಕಲ್ಲುಗಳಿದ್ದದ್ದು ದೊರೆಗೆ ನೆನಪಾಗಿ ಅವನ್ನು ತೆಗೆಸಿದ ಮೇಲೆ ಸರಿಯಾಯಿತು. ದಿನಕ್ಕೆ ಒಂದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟೂ ತಪ್ಪಲಿಲ್ಲ. 1773ರಲ್ಲಿ ಸಂಸತ್ತು 8,750 ಪೌಂಡ್ ಕೊಟ್ಟಿತು.

ಈಗ ಖಾತೆ ನೋಡೋಣ. ಹಲವು ವರ್ಷಗಳಲ್ಲಿ ಖರ್ಚಿಗೆಂದು ಆಗಾಗ ಬಂದದ್ದು 4,315 ಪೌಂಡ್. 1765ರಲ್ಲಿ 10,000. ಕೊನೆಗೆ 8,750. ಒಟ್ಟು 23,065. ಬಹುಮಾನದ ಮೊತ್ತಕ್ಕಿಂತ ಹೆಚ್ಚೇ ಬಂದಂತೆ ಕಾಣುತ್ತದೆ. ಆದರೆ ನಲವತ್ತು ವರ್ಷದ ಹಿತ್ತಾಳೆ, ಉಕ್ಕು, ವಜ್ರದ ಚೂರು, ಕೆಲಸದವರ ಕೂಲಿ ಎಲ್ಲ ಅದರಲ್ಲೇ. ಕೊನೆಯ ಹಣವೂ ಸಂಸತ್ತಿನ ಔದಾರ್ಯವೆಂದು ಬಂತೇ ಹೊರತು ಮಂಡಳಿ ಬಹುಮಾನ ಘೋಷಿಸಲೇ ಇಲ್ಲ. ಖಾತೆಯಲ್ಲಿ ಮೊತ್ತ ಸರಿಯಿದ್ದರೂ ಶೀರ್ಷಿಕೆ ತಪ್ಪಾಗಿದ್ದರೆ ನಮ್ಮ ಮೇಷ್ಟ್ರು ಅಂಕ ಕೊಡುವುದಿಲ್ಲ.

1775ರಲ್ಲಿ ಕ್ಯಾಪ್ಟನ್ ಕುಕ್ ತಮ್ಮ ಎರಡನೆಯ ಮಹಾಯಾನ ಮುಗಿಸಿ ಬಂದರು. ಲಾರ್ಕಮ್ ಕೆಂಡಾಲ್ ಎಂಬುವರು ಮಾಡಿದ ಎಚ್-4ರ ಪಡಿಯಚ್ಚು ಅವರ ಹಡಗಿನಲ್ಲಿತ್ತು. ಮೂರು ವರ್ಷ, ಹಿಮದ ಸಮುದ್ರದಿಂದ ಉಷ್ಣವಲಯದವರೆಗೆ, ಅದು ದಾರಿ ತಪ್ಪಿಸಲಿಲ್ಲ ಎಂದು ಕುಕ್ ಮೆಚ್ಚಿಕೊಂಡರು. ಮರುವರ್ಷ ಮಾರ್ಚ್ 24ರಂದು, ತಮ್ಮ 83ನೆಯ ಹುಟ್ಟುಹಬ್ಬದ ದಿನವೇ, ಹ್ಯಾರಿಸನ್ ಲಂಡನ್ನಿನಲ್ಲಿ ತೀರಿಕೊಂಡರು.

ಉಪಗ್ರಹಗಳು ಬಳಸುವುದು ಅವರ ವಿಚಾರವನ್ನೇ, ಸ್ವಲ್ಪ ಬದಲಿಸಿ. ಉಪಗ್ರಹ ತನ್ನ ಸಮಯವನ್ನು ರೇಡಿಯೋ ಸಂಕೇತದಲ್ಲಿ ಕಳಿಸುತ್ತದೆ. ಸಂಕೇತ ಬರಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಗುತ್ತದೆ, ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಮ್ಮ ಜಾಗ ಸಿಗುತ್ತದೆ. ಬೆಳಕಿನ ವೇಗದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ 300 ಮೀಟರ್ ತಪ್ಪು. ಎಚ್-4 ಸೆಕೆಂಡಿಗೆ ಐದು ಸಲ ಬಡಿಯುತ್ತಿತ್ತು. ಉಪಗ್ರಹದ ರುಬಿಡಿಯಂ ಗಡಿಯಾರ ಎಣಿಸುವುದು ಸೆಕೆಂಡಿಗೆ 680 ಕೋಟಿಗೂ ಹೆಚ್ಚು ಕಂಪನ. 2013ರಲ್ಲಿ ಹಾರಿಸಿದ ನಮ್ಮ ದೇಶದ ಮೊದಲ ಪಥದರ್ಶಕ ಉಪಗ್ರಹದ ಮೂರೂ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. ಅವು ಹೊರದೇಶದಿಂದ ತರಿಸಿದವು. ಉಪಗ್ರಹ ಆಕಾಶದಲ್ಲಿದ್ದರೂ ಜಾಗ ಹೇಳುವ ಕೆಲಸಕ್ಕೆ ಬಾರದಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಇದೆ. ಈ ಉಪಗ್ರಹಗಳ ಸಮಯವನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಎಚ್-1ಕ್ಕೆ ಸೆಕೆ ಚಳಿ ಶತ್ರುವಾಗಿದ್ದಂತೆ ಇವಕ್ಕೆ ಎತ್ತರವೇ ಒಂದು ಸಮಸ್ಯೆ. ಐನ್‌ಸ್ಟೈನ್ ಹೇಳಿದಂತೆ ಗುರುತ್ವ ಕಡಿಮೆಯಾದಷ್ಟೂ ಗಡಿಯಾರ ವೇಗವಾಗಿ ನಡೆಯುತ್ತದೆ. ಉಪಗ್ರಹದ ಓಟದ ವೇಗ ಅದನ್ನು ಸ್ವಲ್ಪ ನಿಧಾನಿಸಿದರೂ, 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಗಡಿಯಾರಗಳು ಒಟ್ಟಿನಲ್ಲಿ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತವೆ. ಸರಿಪಡಿಸದಿದ್ದರೆ ದಿನಕ್ಕೆ 10 ಕಿಲೋಮೀಟರಿಗೂ ಹೆಚ್ಚು ತಪ್ಪು ಸೇರುತ್ತಾ ಹೋಗುತ್ತದೆ.

ಈ ತೊಂದರೆಯನ್ನೇ ವಿಜ್ಞಾನಿಗಳು ಅಳತೆಗೋಲು ಮಾಡಿಕೊಳ್ಳುತ್ತಿದ್ದಾರೆ. ಭೂಮಿಯ ಆಕಾರ, ಎತ್ತರ, ಗುರುತ್ವ ಅಳೆಯುವ ವಿದ್ಯೆಗೆ ಜಿಯೋಡೆಸಿ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಉಪಗ್ರಹಗಳ ಸಂಕೇತ ಹಿಡಿಯುವ ಒಂದು ಕೇಂದ್ರವಿದೆ. ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿರುವುದು ಇಂಥ ಕೇಂದ್ರಗಳಿಂದಲೇ ಗೊತ್ತಾಗುತ್ತದೆ. ಮುಂದಿನ ಹೆಜ್ಜೆ ಗಡಿಯಾರಗಳ ವೇಗ ಹೋಲಿಸಿ ಎತ್ತರ ಹೇಳುವುದು. ನಮ್ಮ ಕಾಲೇಜಿನ ನೆಲ ಅಂತಸ್ತಿನ ಗಡಿಯಾರಕ್ಕಿಂತ ಮೂರು ಮೀಟರ್ ಮೇಲಿನ ಗಡಿಯಾರ ವರ್ಷಕ್ಕೆ ಒಂದು ಸೆಕೆಂಡಿನ ಹತ್ತು ಕೋಟಿಯ ಒಂದು ಭಾಗದಷ್ಟು ಮುಂದಿರುತ್ತದೆ. ಪ್ರಯೋಗಾಲಯಗಳ ಅತ್ಯುತ್ತಮ ಗಡಿಯಾರಗಳು ಒಂದು ಸೆಂಟಿಮೀಟರ್ ಎತ್ತರದ ವ್ಯತ್ಯಾಸವನ್ನೂ ಗುರುತಿಸುವ ಮಟ್ಟಕ್ಕೆ ಬಂದಿವೆ. ದೂರದೂರದ ಖಂಡಗಳಲ್ಲಿರುವ ಅಂಥ ಗಡಿಯಾರಗಳನ್ನು ತಾಳೆ ನೋಡಲು ಯುರೋಪಿನವರು 2025ರ ಏಪ್ರಿಲಿನಲ್ಲಿ ಏಸಸ್ ಎಂಬ ಗಡಿಯಾರಗಳ ಪೆಟ್ಟಿಗೆಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ್ದಾರೆ.

ಇಲ್ಲಿ ಹಳೆಯ ತಕರಾರು ಮತ್ತೆ ಎದುರಾಗುತ್ತದೆ. ಎರಡು ಗಡಿಯಾರಗಳು ಬೇರೆ ಬೇರೆ ತೋರಿಸಿದರೆ ತಪ್ಪಿದ್ದು ಗಡಿಯಾರವೋ, ಅಥವಾ ಅವು ಕುಳಿತ ನೆಲದ ಎತ್ತರ ನಮಗೆ ಸರಿಯಾಗಿ ಗೊತ್ತಿಲ್ಲವೋ? 1762ರಲ್ಲಿ ಜಮೈಕಾದ ಬಗ್ಗೆ ಕೇಳಿದ್ದು ಇದೇ ಪ್ರಶ್ನೆ. ಆಗ ಮಂಡಳಿ ಅದನ್ನು ಹಣ ತಡೆಯಲು ಬಳಸಿತು. ಈಗ ಅದೇ ಪ್ರಶ್ನೆ ಹಿಡಿದು ಭೂಮಿಯ ಎತ್ತರಗಳನ್ನು ಮತ್ತೆ ಅಳೆಯಲು ಹೊರಟಿದ್ದಾರೆ. ಹ್ಯಾರಿಸನ್ ಅವರ ಮೊದಲ ಮೂರು ಯಂತ್ರಗಳು ಗ್ರೀನಿಚ್‌ನಲ್ಲಿ ಇನ್ನೂ ನಡೆಯುತ್ತಿವೆ. ಎಚ್-4 ಅನ್ನು ಮಾತ್ರ, ಎಣ್ಣೆ ಬೇಕಾದ ಗಡಿಯಾರವಾದ್ದರಿಂದ, ಸವೆಯದಿರಲೆಂದು ನಿಲ್ಲಿಸಿ ಇಟ್ಟಿದ್ದಾರೆ.